ಬಟ್ಟೆ ಕೋಣೆಯ ಎರಡು ಕುರ್ಚಿ

ಬಟ್ಟೆ ಕೋಣೆಯ ಬಾಗಿಲು ಆಗಲೇ ತೆರೆದಿತ್ತು. ಅರಕಲಗೂಡಿನ ಆ ಪುಟ್ಟ ಮಿಷನ್ ಆಸ್ಪತ್ರೆಯಲ್ಲಿ ಅದರ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಡಾಕ್ಟರಮ್ಮನ ಮೇಜಿನ ಡ್ರಾಯರಿನಲ್ಲಿ, ಇನ್ನೊಂದು ವಾರ್ಡಿನ ನರ್ಸು ಸಿಸ್ಟರ್ ಪ್ರೇಮಕುಮಾರಿಯ ಸೊಂಟದಲ್ಲಿ. ಡಾಕ್ಟರಮ್ಮ ಬೆಡ್‌ಶೀಟು ಎಣಿಸಲು ಬರುವವರಲ್ಲ. ಹಾಗಾಗಿ ಪ್ರೇಮಕುಮಾರಿ ಕಳ್ಳನನ್ನು ಹಿಡಿಯುವ ಉತ್ಸಾಹದಲ್ಲೇ ಒಳಗೆ ನುಗ್ಗಿದಳು.

ಒಳಗೆ ಉದ್ದನೆಯ, ಬಡಕಲು ಗಂಡಸೊಬ್ಬ ಎರಡು ಬೆತ್ತದ ಕುರ್ಚಿಗಳ ಜೊತೆ ಒದ್ದಾಡುತ್ತಿದ್ದ. ಒಂದನ್ನು ಗೇಣುದ್ದ ಎಡಕ್ಕೆ ಎಳೆಯುವುದು, ದೂರ ನಿಂತು ನೋಡುವುದು, ಮತ್ತೆ ಬಲಕ್ಕೆ ತಳ್ಳುವುದು. ಅವಳು ಮಡಿಸಿ ಜೋಡಿಸಿದ್ದ ಬೆಡ್‌ಶೀಟುಗಳ ಮೇಲೆ ಅವನ ಕೋಟು ಬಿದ್ದಿತ್ತು.

“ಅದು ಕೋಟು ಹಾಕೋ ಜಾಗ ಅಲ್ಲ,” ಎಂದಳು.

ಅವನು ಗಾಬರಿಯಿಂದ ಕೋಟು ಎತ್ತಿಕೊಂಡ. ಕಿವಿ ಕೆಂಪಾಯಿತು. ಮುಖದ ಅಳತೆಗಿಂತ ಒಂದು ಸುತ್ತು ದೊಡ್ಡದಾದ ಕಿವಿಗಳು. ಅವು ಕೆಂಪಾಗುವುದನ್ನು ಬಾಗಿಲಿನಿಂದಲೇ ನೋಡಬಹುದಿತ್ತು. ತಾನು ಸತ್ಯಮಿತ್ರ, ನುಗ್ಗೇಹಳ್ಳಿ ಕಡೆಯವನು, ಆಸ್ಪತ್ರೆಯ ಹೊಸ ಚಾಪ್ಲೆನ್, ಅಂದರೆ ರೋಗಿಗಳ ಪಾದ್ರಿ, ಬೆಂಗಳೂರಿನಲ್ಲಿ ಒಂದು ವರ್ಷ ಕೌನ್ಸೆಲಿಂಗ್ ಕಲಿತು ಬಂದಿದ್ದೇನೆ, ಮನಸ್ಸು ನೊಂದವರು ಕೂತು ಮಾತಾಡಲು ಜಾಗ ಬೇಕೆಂದಾಗ ಡಾಕ್ಟರಮ್ಮ ಈ ಕೋಣೆಯ ಅರ್ಧ ಕೊಟ್ಟರು ಎಂದು ಒಂದೇ ಉಸಿರಿಗೆ ಒಪ್ಪಿಸಿದ.

“ಕುರ್ಚಿ ಯಾಕೆ ಸೊಟ್ಟಗಿದೆ?”

“ಎದುರುಬದುರು ಕೂತ್ರೆ ಪೊಲೀಸ್ ಸ್ಟೇಷನ್ ಆಗುತ್ತೆ ಸಿಸ್ಟರ್. ಹೀಗಿದ್ರೆ, ನನ್ನ ಮುಖ ನೋಡೋಕೆ ಇಷ್ಟ ಇಲ್ದೋರು ಕಿಟಕಿ ನೋಡಬಹುದು.”

“ಇಷ್ಟ ಇರೋರೂ ಇರ್ತಾರಾ?”

ಅವನು ನಕ್ಕುಬಿಟ್ಟ. ನೋಯಿಸಲೆಂದೇ ಆಡಿದ ಮಾತಿಗೆ ನಕ್ಕರೆ ಏನು ಮಾಡಬೇಕೆಂದು ಪ್ರೇಮಕುಮಾರಿಗೆ ಯಾರೂ ಕಲಿಸಿರಲಿಲ್ಲ. ಅವನ ಕೋಟಿನ ಕೆಳಗಿದ್ದ ಬೆಡ್‌ಶೀಟನ್ನು ಕೊಡವಿ ಮತ್ತೆ ಮಡಿಸಿದಳು.

ಅದು ಅರವತ್ತೊಂದರ ಜುಲೈ. ಕೋಣೆಯ ನಡುವೆ ಒಂದು ಹಸಿರು ಪರದೆ ಬಂತು. ಈಚೆ ಬೆಡ್‌ಶೀಟು, ದಿಂಬಿನ ಚೀಲ, ಪ್ರೇಮಕುಮಾರಿ. ಆಚೆ ಆ ಎರಡು ಸೊಟ್ಟ ಕುರ್ಚಿ. ಯಾರಾದರೂ ಮಾತಾಡಲು ಬಂದಾಗ ದಯವಿಟ್ಟು ಹೊರಗಿರಬೇಕೆಂದು ಅವನು ಕೇಳಿಕೊಂಡ. ತನಗೆ ಕೆಲಸವಿದೆ ಎಂದು ಅವಳು ಅಂದಳು. ಅವನು ವಾದ ಮಾಡಲಿಲ್ಲ. ಅವಳು ವಾರ್ಡಿಗೆ ಹೋಗುವ ಹೊತ್ತು ನೋಡಿಕೊಂಡು ಜನರನ್ನು ಕರೆಯತೊಡಗಿದ.

ಆದರೂ ಒಂದು ದಿನ ಅವಳ ಕಿವಿಗೆ ಬಿತ್ತು. ದಂಡಿಗನಹಳ್ಳಿಯಿಂದ ಬಂದು ವಾರ್ಡಿನಲ್ಲಿದ್ದ ಹೆಂಗಸೊಬ್ಬಳು, ಮನೆಯಲ್ಲಿ ತನ್ನ ಜೊತೆ ಕೂತು ಯಾರೂ ಉಣ್ಣುವುದಿಲ್ಲ ಎಂದು ಅಳುತ್ತಿದ್ದಳು. ಸತ್ಯಮಿತ್ರ “ಹ್ಞೂಂ” ಅಂದ. ಅವಳು ಇನ್ನಷ್ಟು ಅತ್ತಳು. “ಜೊತೆಗೆ ಯಾರೂ ಕೂರಲ್ಲ ಅಂತೀರಿ,” ಅಂದ. ಅರ್ಧ ಗಂಟೆ ಇಷ್ಟೇ. ಬೈಬಲಿನ ಒಂದು ವಾಕ್ಯ ಓದಲಿಲ್ಲ, ಒಂದು ಬುದ್ಧಿಮಾತು ಹೇಳಲಿಲ್ಲ. ಪ್ರೇಮಕುಮಾರಿ ದಿಂಬಿನ ಚೀಲಗಳ ನಡುವೆ ನಿಂತು ಹಲ್ಲು ಕಡಿದಳು. ಅತ್ತವಳ ಮಾತನ್ನು ಅತ್ತವಳಿಗೇ ತಿರುಗಿಸಿ ಕೊಡಲು ಬೆಂಗಳೂರಿಗೆ ಹೋಗಿ ಬರಬೇಕಿತ್ತೇ? ಹೂಂಗುಟ್ಟಲು ಅಜ್ಜಿಯ ಕತೆ ಕೇಳುವ ಮಕ್ಕಳೇ ಸಾಕಿತ್ತು.

ಸಂಜೆ ಬಾವಿಯ ಹತ್ತಿರ ಸಿಕ್ಕಾಗ ಕೇಳಿಯೇಬಿಟ್ಟಳು. “ಇವತ್ತು ಎಷ್ಟು ಹ್ಞೂಂ ಆಯ್ತು?”

ಅವನು ನಿಜವಾಗಿ ಯೋಚಿಸಿದ. “ಹದಿನೇಳು ಇರಬಹುದು.”

ಮಾರನೆಯ ದಿನ ಅವಳು ಕೇಳದಿದ್ದರೂ ವರಾಂಡದ ಆ ತುದಿಯಿಂದ ಒಂಬತ್ತು ಬೆರಳು ಎತ್ತಿ ತೋರಿಸಿದ. ಪ್ರೇಮಕುಮಾರಿ ಮುಖ ತಿರುಗಿಸಿದಳು. ತಿರುಗಿಸಿದ ಮೇಲೆ ನಕ್ಕಳು. ವಾರ್ಡಿನ ಆಯಾ ಮಾದಮ್ಮ ಅದನ್ನು ನೋಡಿದಳು.

ಆ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ಅವನಿಗಿಂತ ಮೊದಲು ಇದ್ದ ವೈದ್ಯರು, ಚರ್ಚಿನ ಸಭೆಗೆ ಬೋಧಿಸುವ ಸಣ್ಣಯ್ಯ ಉಪದೇಶಿಗಳು. ಕಚ್ಚೆಪಂಚೆ, ಕರಿಕೋಟು, ಕೊಡೆ, ಕರೆದ ತಕ್ಷಣ ಬರುವ ಕಣ್ಣೀರು. ಅವರ ಪ್ರಕಾರ ನಿದ್ದೆ ಬಾರದವನ ಹೊಟ್ಟೆಯಲ್ಲಿ ಒಂದು ಮುಚ್ಚಿಟ್ಟ ಪಾಪ ಇರಲೇಬೇಕು. ಅದನ್ನು ಸಭೆಯ ಮುಂದೆ ಅರಿಕೆ ಮಾಡಬೇಕು, ಮೂರು ದಿನ ಉಪವಾಸ ಇರಬೇಕು, ಎಲ್ಲರೂ ಸೇರಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ಡಾಕ್ಟರಮ್ಮನದು ಮೂರನೆಯ ದಾರಿ: ಒಂದು ಬಾಟಲಿ ನರದ ಟಾನಿಕ್. ಒಬ್ಬರು ಕೂಗುವವರು, ಒಬ್ಬರು ಕುಡಿಸುವವರು, ಈಗ ಒಬ್ಬ ಹೂಂಗುಟ್ಟುವವನು. ಮೂವರೂ ಒಂದೇ ಕರ್ತನ ಹೆಸರಿನಲ್ಲಿ ಸಂಬಳ ತೆಗೆದುಕೊಳ್ಳುತ್ತಾರಲ್ಲ ಎಂದು ಪ್ರೇಮಕುಮಾರಿಗೆ ನಗು ಬರುತ್ತಿತ್ತು. ಒಳ್ಳೆಯ ನಗುವಲ್ಲ ಅದು.

ಅದಕ್ಕೆ ಕಾರಣ ಅವಳ ಊರು ಹೊಳೆನರಸೀಪುರದಲ್ಲಿತ್ತು. ಒಂಬತ್ತು ವರ್ಷದ ಹಿಂದೆ, ಅರಕಲಗೂಡಿಗೆ ಬರುವ ಮೊದಲು, ಸಣ್ಣಯ್ಯನವರು ಅಲ್ಲಿಯ ಉಪದೇಶಿ. ಪ್ರೇಮಕುಮಾರಿಯ ತಾಯಿ ಮಾಯಮ್ಮನ ಗಂಡುಮಗು, ಹುಟ್ಟಿದಾಗಿನಿಂದ ಅಳುತ್ತಲೇ ಇದ್ದದ್ದು, ಎಂಟು ತಿಂಗಳಿಗೆ ತೀರಿಹೋಯಿತು. ಮಾಯಮ್ಮ ನಿದ್ದೆ ಬಿಟ್ಟಳು, ಅನ್ನ ಬಿಟ್ಟಳು. ಒಂದು ದಿನ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಮಗು ಹೋದ ಗಳಿಗೆಯಲ್ಲಿ ತನಗೆ ಹಗುರಾಯಿತು ಎಂದು ಉಪದೇಶಿಗಳಿಗೆ ಹೇಳಿಕೊಂಡಳು. ಇನ್ನೂ ಏನೋ ಹೇಳುವುದಿತ್ತು. ಅಷ್ಟರಲ್ಲಿ ಸಣ್ಣಯ್ಯನವರಿಗೆ ಅಳು ಬಂತು. ಪ್ರಾರ್ಥನೆ ಮಾಡಿ ಎದ್ದು ಹೋದರು.

ಆ ಭಾನುವಾರ ಹದಿನಾಲ್ಕು ಕುಟುಂಬಗಳು ಕಣ್ಣು ಮುಚ್ಚಿ ಕೂತಿರುವಾಗ ಅವರು ಕೈ ಮೇಲೆತ್ತಿ ಅಂದರು: “ಕರ್ತನೇ, ತನ್ನ ಕೂಸು ಸತ್ತದ್ದಕ್ಕೆ ಹಗುರಾಯ್ತು ಅಂದ ನಿನ್ನ ದಾಸಿ ಮಾಯಮ್ಮನ ಪಾಪ ಮನ್ನಿಸಪ್ಪಾ.” ಹದಿನಾಲ್ಕು ಕುಟುಂಬಗಳು ಕಣ್ಣು ತೆರೆದವು. ಹದಿನೈದು ವರ್ಷದ ಪ್ರೇಮಕುಮಾರಿ ಪಕ್ಕದಲ್ಲೇ ಇದ್ದಳು. ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಇನ್ನೂ ಕೆಳಕ್ಕೆ, ಮೂಗಿನವರೆಗೆ ಎಳೆದುಕೊಂಡು, ಎದ್ದು ಹೊರಗೆ ನಡೆದಳು. ಮತ್ತೆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. ಅಪ್ಪ ತೀರಿಕೊಂಡ ಮೇಲಂತೂ ಕೋಳಿಗಳ ಜೊತೆ ಬಿಟ್ಟರೆ ಯಾರ ಜೊತೆಗೂ ನಾಲ್ಕು ಮಾತು ಆಡಿದ್ದಿಲ್ಲ. ಮಗಳ ಕೈಯಲ್ಲಿ ಡಾಕ್ಟರಮ್ಮ ಕಳಿಸಿದ ಟಾನಿಕ್ಕನ್ನು ಕನಕಾಂಬರದ ಗಿಡಕ್ಕೆ ಸುರಿದಳು.

ಸಣ್ಣಯ್ಯನವರು ದುಷ್ಟರಾಗಿದ್ದರೆ ಒಂದು ಸಲ ಬೈದು ಮರೆಯಬಹುದಿತ್ತು. ಅವರ ಕಣ್ಣೀರು ನಿಜವಾದದ್ದು. ಇಂದಿಗೂ ಸಿಕ್ಕಿದಾಗಲೆಲ್ಲ “ನಿಮ್ಮವ್ವುಂಗೆ ಪ್ರಾರ್ಥನೆ ಮಾಡ್ತಾ ಇವ್ನಿ ಕಣವ್ವ” ಎಂದು ತಲೆ ಸವರುತ್ತಿದ್ದರು. ತಾವು ಏನು ಮಾಡಿದೆವೆಂಬುದು ಆ ಒಳ್ಳೆಯ ಮನುಷ್ಯನಿಗೆ ಒಂಬತ್ತು ವರ್ಷದಲ್ಲಿ ಹೊಳೆದಿರಲಿಲ್ಲ. ಪ್ರೇಮಕುಮಾರಿ ಅದನ್ನೇ ಕ್ಷಮಿಸಿರಲಿಲ್ಲ.

ಭಾನುವಾರದ ಪ್ರಾರ್ಥನೆಯಲ್ಲಿ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ಯಾರ ಗುಟ್ಟು ಹೊರಬೀಳುತ್ತದೋ ಎಂದು ಸಣ್ಣಯ್ಯನವರ ಬಾಯನ್ನೇ ನೋಡುತ್ತಿದ್ದಳು. ಆಗಸ್ಟಿನ ಒಂದು ಭಾನುವಾರ ಹಾಗೆ ನೋಡುತ್ತಿರುವಾಗ ಗಂಡಸರ ಸಾಲಿನಲ್ಲಿ ಇನ್ನೂ ಎರಡು ಕಣ್ಣು ತೆರೆದಿರುವುದು ಕಂಡಿತು. ಸತ್ಯಮಿತ್ರ ಅವಳನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದೆ ಎಂದು ಗೊತ್ತಾದರೂ ಕಣ್ಣು ಮುಚ್ಚಲಿಲ್ಲ. ಹುಬ್ಬನ್ನು ಮಾತ್ರ ಸ್ವಲ್ಪ ಮೇಲೆತ್ತಿ, ನೀವೂ ಮುಚ್ಚಿಲ್ಲವಲ್ಲ ಎಂಬಂತೆ ನೋಡಿದ. ಸಭೆಯೆಲ್ಲ ಆಮೆನ್ ಅನ್ನುವವರೆಗೆ ಅವರಿಬ್ಬರೇ ಎಚ್ಚರವಾಗಿದ್ದರು. ಅಂದು ಪ್ರಾರ್ಥನೆ ಬೇಗ ಮುಗಿಯಿತೆಂದು ಪ್ರೇಮಕುಮಾರಿಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

ದಂಡಿಗನಹಳ್ಳಿಯ ಹೆಂಗಸಿನ ಮಾತು ಯಾವ ಭಾನುವಾರವೂ ಪ್ರಾರ್ಥನೆಗೆ ಬರಲಿಲ್ಲ. ಬೇರೆ ಯಾರದೂ ಬರಲಿಲ್ಲ. ಆ ಹಸಿರು ಪರದೆಯಾಚೆ ಹೋದದ್ದು ಅಲ್ಲೇ ಉಳಿಯುತ್ತಿತ್ತು. ಅವಳ ಎದೆಯಲ್ಲಿ ಒಂದು ಆಸೆ ತಲೆಯೆತ್ತಿತು: ಅಮ್ಮನನ್ನು ಇವನ ಹತ್ತಿರ ಕೂರಿಸಿದರೆ? ಆದರೆ ಎರಡನೆಯ ಸಲ ಅಮ್ಮ ಮೋಸಹೋದರೆ ಕೋಳಿಗಳ ಜೊತೆಗೂ ಮಾತಾಡಲಾರಳು. ಹಾಗಾಗಿ ಪ್ರೇಮಕುಮಾರಿ ಅವನನ್ನು ಪರೀಕ್ಷಿಸಲು ನಿಶ್ಚಯಿಸಿದಳು.

ಅಕ್ಟೋಬರಿನ ಒಂದು ಮಧ್ಯಾಹ್ನ ಪರದೆ ಸರಿಸಿ ಸೊಟ್ಟ ಕುರ್ಚಿಯಲ್ಲಿ ಕೂತಳು. ಕಿಟಕಿ ನೋಡುತ್ತ, ತಾನು ಆಸ್ಪತ್ರೆಯ ಹೊಸ ಬೆಡ್‌ಶೀಟುಗಳನ್ನು ಕದ್ದು ಊರಿಗೆ ಸಾಗಿಸುತ್ತಿದ್ದೇನೆ, ಕೈ ತಡೆಯಲಾಗುತ್ತಿಲ್ಲ ಎಂದಳು. ಶುದ್ಧ ಸುಳ್ಳು. ಎಲ್ಲ ಬೆಡ್‌ಶೀಟೂ ಅಲ್ಲೇ ಕಪಾಟಿನಲ್ಲಿದ್ದವು. ಮಾತು ಹೊರಬಿದ್ದರೆ ಕಪಾಟು ತೆರೆದು ತೋರಿಸಿ ಇವನ ಮಾನ ಕಳೆಯಬಹುದೆಂಬುದು ಅವಳ ಲೆಕ್ಕಾಚಾರ.

ಅವನೂ ಕಿಟಕಿ ನೋಡಿದ. “ಹೇಳೋಕೆ ಕಷ್ಟ ಆಗಿರಬೇಕು,” ಎಂದ. ಅವಳು ಎದ್ದು ಹೊರಗೆ ಬಂದು, ಇಷ್ಟು ಬೆಪ್ಪನನ್ನು ಎಲ್ಲಿಂದ ಹುಡುಕಿ ತಂದರೋ ಎಂದುಕೊಂಡಳು. ಆದರೆ ಅವನ ಮುಖ ಬಾಡಿದ್ದನ್ನು ನೋಡಿದ್ದಳು.

ಒಂದು ಭಾನುವಾರ ಕಳೆಯಿತು, ಎರಡು, ಆರು. ಮಾತು ಎಲ್ಲಿಯೂ ಹೊರಬೀಳಲಿಲ್ಲ. ಅವನು ಮೊದಲಿನಂತೆಯೇ ವರಾಂಡದ ತುದಿಯಿಂದ ಬೆರಳೆಣಿಸಿ ತೋರಿಸಿದ, ಮೊದಲಿನಂತೆಯೇ ನಕ್ಕ. ಕ್ರಿಸ್ಮಸ್ಸಿಗೆ ಊರಿಗೆ ಹೋಗುವಾಗ ಇವನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಪ್ರೇಮಕುಮಾರಿ ತೀರ್ಮಾನಿಸಿದಳು. ಸುಳ್ಳಿನ ವಿಷಯ ದಾರಿಯಲ್ಲಿ ಹೇಳಿದರಾಯಿತು.

ಡಿಸೆಂಬರಿನ ಎಣಿಕೆಯಲ್ಲಿ ಎಂಟು ಹೊಸ ಬೆಡ್‌ಶೀಟು ಇರಲಿಲ್ಲ.

ಮೂರು ಸಲ ಎಣಿಸಿದಳು. ಡಾಕ್ಟರಮ್ಮನಿಗೆ ತಿಳಿಸಲೇಬೇಕಾಯಿತು. ಡಾಕ್ಟರಮ್ಮನ ಕೋಣೆಯಲ್ಲಿ ವಿಚಾರಣೆ ನಡೆಯಿತು. ಬಟ್ಟೆಯನ್ನು ಅಗಸರ ಮನೆಗೆ ಒಯ್ದು ತರುವವಳು ಮಾದಮ್ಮ; ಆದ್ದರಿಂದ ಕದ್ದವಳು ಮಾದಮ್ಮ. ಬಡವರ ವಿಷಯದಲ್ಲಿ ಆ ಕೋಣೆಯವರಿಗೆ ಇಷ್ಟು ಸಾಕ್ಷಿ ಸಾಕಾಗುತ್ತಿತ್ತು. ಮಾದಮ್ಮ ಸೆರಗು ಬಾಯಿಗಿಟ್ಟು, “ನನ್ ಮಕ್ಳಾಣೆ ನಾನು ಮುಟ್ನಿಲ್ಲ ಕಣ್ರವ್ವ” ಎಂದಳು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ನಿಲ್ಲಿಸಿ ಅರಿಕೆ ಮಾಡಿಸಿದರೆ ಅವಳ ಆತ್ಮವೂ ಉಳಿಯುತ್ತದೆ, ಬೆಡ್‌ಶೀಟೂ ಬರುತ್ತದೆ ಎಂದು ಸಣ್ಣಯ್ಯನವರು ಸೂಚಿಸಿದರು.

“ಮಾದಮ್ಮ ತೆಗೆದಿಲ್ಲ,” ಎಂದ ಸತ್ಯಮಿತ್ರ.

ಅದು ಹೇಗೆ ಗೊತ್ತು ಎಂದು ಡಾಕ್ಟರಮ್ಮ ಕೇಳಿದರು. ಅವನು ಉತ್ತರಿಸಲಿಲ್ಲ. ಹಾಗಾದರೆ ಯಾರೋ ಅವನಲ್ಲಿ ಹೇಳಿಕೊಂಡಿದ್ದಾರೆ ಎಂದರು. ಅದಕ್ಕೂ ಉತ್ತರವಿಲ್ಲ. ಅವನ ಕಣ್ಣು ಗೋಡೆಯ ಹಲ್ಲಿಯ ಮೇಲೆ ಹೋಯಿತು, ಮೇಜಿನ ಮೇಲಿನ ಥರ್ಮಾಮೀಟರಿನ ಮೇಲೆ ಹೋಯಿತು, ಕಿಟಕಿಯ ಸರಳುಗಳನ್ನು ಒಂದೊಂದಾಗಿ ನೋಡಿತು. ಆ ಕೋಣೆಯಲ್ಲಿ ಅವನು ನೋಡದೆ ಬಿಟ್ಟದ್ದು ಒಂದನ್ನೇ: ಬಾಗಿಲ ಬಳಿ ನಿಂತಿದ್ದ ಪ್ರೇಮಕುಮಾರಿಯನ್ನು. ತನ್ನ ಸುಳ್ಳನ್ನು ಅವನು ನಂಬಿದ್ದಾನೆಂದು ಅವಳಿಗೆ ಆಗ ಹೊಳೆಯಿತು.

ಕಳ್ಳರನ್ನು ಮುಚ್ಚಿಡುವ ವಿದ್ಯೆಯನ್ನು ಬೆಂಗಳೂರಿನಲ್ಲಿ ಕಲಿಸುತ್ತಾರೆಂದು ಗೊತ್ತಿರಲಿಲ್ಲ ಎಂದರು ಡಾಕ್ಟರಮ್ಮ. ಹೆಸರು ಹೇಳಬೇಕು, ಇಲ್ಲವೇ ಕ್ರಿಸ್ಮಸ್ ಆದ ಮೇಲೆ ಅವನು ಹೊರಡಬಹುದು. ಸತ್ಯಮಿತ್ರ ತಲೆಯಾಡಿಸಿ, ಹೊರಡುತ್ತೇನೆ ಎಂದ.

ಪ್ರೇಮಕುಮಾರಿ ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ತೋರಿಸಲೆಂದು ಇಟ್ಟುಕೊಂಡಿದ್ದ ತುಂಬಿದ ಕಪಾಟಿನಲ್ಲೇ ಈಗ ಎಂಟು ಕಡಿಮೆಯಿದ್ದವು. ಸುಳ್ಳು ಎಂದರೆ ಯಾರು ನಂಬುತ್ತಾರೆ? ಎರಡು ದಿನ ಬಾಯಿ ಮುಚ್ಚಿಕೊಂಡು ವಾರ್ಡಿನಲ್ಲಿ ತಿರುಗಿದಳು. ಇಷ್ಟು ವರ್ಷ ಊರವರನ್ನೆಲ್ಲ ಅಳೆದು ತೂಗಿ ಮೂಲೆಗೆ ಎಸೆದವಳಿಗೆ ಈಗ ಕನ್ನಡಿಯಲ್ಲಿ ಕಾಣುವ ಮುಖದಷ್ಟು ಹೇಸಿಗೆ ಇನ್ನಾವುದೂ ಹುಟ್ಟಿಸಲಿಲ್ಲ.

ಬುಧವಾರ ಸಂಜೆ ಕೂಟಕ್ಕೆ ಹೋದಳು. ಮಾದಮ್ಮನನ್ನು ಮುಂದೆ ನಿಲ್ಲಿಸಿದ್ದರು. ಪ್ರೇಮಕುಮಾರಿ ನಡೆದು ಹೋಗಿ ಅವಳ ಪಕ್ಕದಲ್ಲಿ ನಿಂತಳು. ಚಾಪ್ಲೆನ್ನರಿಗೆ ಕದ್ದೆನೆಂದು ಹೇಳಿದವಳು ತಾನು, ಅದು ಸುಳ್ಳು, ಅವರ ಬಾಯಿ ಎಷ್ಟು ಗಟ್ಟಿ ಎಂದು ನೋಡಲು ಹೇಳಿದ್ದು ಎಂದಳು. ಯಾಕೆ ಎಂದು ಯಾರೋ ಕೇಳಿದರು.

“ಯಾಕಂದ್ರೆ ಈ ಸಭೆಯಲ್ಲಿ ಒಬ್ಬರ ಸಂಕಟ ಇನ್ನೊಬ್ಬರ ಪ್ರಾರ್ಥನೆ ಆಗೋದನ್ನ ನಾನು ನೋಡಿದೀನಿ. ನಮ್ಮಮ್ಮ ಇವತ್ತಿಗೂ ಸೆರಗು ತೆಗೆದಿಲ್ಲ.”

ಸಣ್ಣಯ್ಯನವರ ಕಣ್ಣಲ್ಲಿ ನೀರು ತುಂಬಿತು. ಅವರ ಕಿವಿಗೆ ಬಿದ್ದದ್ದು ಕದ್ದೆನೆಂಬ ಒಂದೇ ಮಾತು. ಕಳೆದುಹೋದ ಕುರಿ ಸಿಕ್ಕಿತೆಂದು ಅಲ್ಲೇ ಮೊಣಕಾಲೂರಿ ಅರ್ಧ ಗಂಟೆ ಸ್ತೋತ್ರ ಮಾಡಿದರು. ಡಾಕ್ಟರಮ್ಮ ಸತ್ಯಮಿತ್ರನ ಕಡೆ ತಿರುಗಿ, ಈಕೆ ನಿಮಗೆ ಹಾಗೆ ಹೇಳಿದ್ದು ನಿಜವೇ ಎಂದರು.

ಅವನು ಸುಮ್ಮನೆ ನಿಂತಿದ್ದ.

“ನಾನೇ ಹೇಳ್ತಿದೀನಲ್ಲ, ಹೌದು ಅನ್ರೀ,” ಎಂದಳು ಪ್ರೇಮಕುಮಾರಿ.

ಅವನು ಆಗಲೂ ಸುಮ್ಮನಿದ್ದ. ಕಿವಿ ಮಾತ್ರ ಕೆಂಪಗಿತ್ತು. ಇಂಥ ಮೊಂಡನನ್ನು ಏನು ಮಾಡಬೇಕೆಂದು ತಿಳಿಯದೆ ಅವಳಿಗೆ ಅಳು ಬಂತು. ಬೀಗದ ಕೈ ಕೊಡಿ ಎಂದರು ಡಾಕ್ಟರಮ್ಮ. ಸೊಂಟದಿಂದ ಬಿಚ್ಚಿ ಕೊಟ್ಟಳು. ಇಬ್ಬರೂ ಕ್ರಿಸ್ಮಸ್ ಆದ ಮೇಲೆ ಹೊರಡಬಹುದು ಎಂದಾಯಿತು.

ಕ್ರಿಸ್ಮಸ್ ದಿನ ಮಧ್ಯಾಹ್ನ ಪ್ರತಿವರ್ಷದಂತೆ ಯೇಸು ಹುಟ್ಟಿದ ಕತೆಯ ನಾಟಕ. ನಾಟಕದ ವೇಷಕ್ಕೆ ಆಸ್ಪತ್ರೆಯ ಹರಿದ ಬೆಡ್‌ಶೀಟುಗಳನ್ನು ಗಂಟು ಕಟ್ಟಿ ವರಾಂಡದ ಬೆಂಚಿನ ಮೇಲೆ ಇಡುವುದು, ಉಪದೇಶಿಗಳ ಹೆಂಡತಿ ನಂಜಮ್ಮ ಬಂದು ಒಯ್ದು ಅಂಗಿ ಹೊಲಿಯುವುದು ಅಲ್ಲಿಯ ವಾಡಿಕೆ. ಕುರುಬರು ಬಂದು ಕೂತರು. ಆಮೇಲೆ ಎಂಟು ದೇವದೂತರು ಬಂದರು. ಅಚ್ಚ ಬಿಳಿಯ, ಗರಿಗರಿಯಾದ, ಒಂದು ತೂತೂ ಇಲ್ಲದ ಅಂಗಿಗಳು. ಮೊದಲ ದೇವದೂತೆ ಕೈಯೆತ್ತಿ ಹೆದರಬೇಡಿರಿ ಎಂದಾಗ, ಅಂಗಿಯ ಅಂಚಿನಲ್ಲಿ ಕೆಂಪು ದಾರದ ಗುರುತು ಕಂಡಿತು. ಆ ಗುರುತನ್ನು ಒಂದೊಂದು ಹೊಸ ಬೆಡ್‌ಶೀಟಿನ ಮೇಲೂ ಹಾಕಿದವಳು ಪ್ರೇಮಕುಮಾರಿ.

“ಅಯ್ಯೋ, ನಮ್ ಬೆಡ್‌ಶೀಟು,” ಎಂದಳು ಮಾದಮ್ಮ ಹಿಂದಿನಿಂದ.

ಅಗಸರ ಮನೆಯಿಂದ ಆಗತಾನೆ ಬಂದು ಅದೇ ಬೆಂಚಿನ ಮೇಲಿದ್ದ ಗಂಟನ್ನು ನಂಜಮ್ಮ ತನ್ನದೆಂದು ಒಯ್ದಿದ್ದಳು. ಈ ವರ್ಷ ಮಿಷನ್ ಉದಾರವಾಗಿದೆ ಎಂದು ಸಂತೋಷವನ್ನೂ ಪಟ್ಟಿದ್ದಳು. ಕಾಣೆಯಾದ ಬೆಡ್‌ಶೀಟಿನ ಮಾತು ಮನೆಯಲ್ಲಿ ಬಂದಾಗ, ಅಂಗಿಗಳಾಗಲೇ ಹೊಲಿದು ಮುಗಿದಿದ್ದವು. ಅವು ಬೆಡ್‌ಶೀಟೆಂಬುದೇ ಅವಳಿಗೆ ಮರೆತಿತ್ತು.

ಸಣ್ಣಯ್ಯನವರು ವೇದಿಕೆ ಹತ್ತಿದರು. ಮಾದಮ್ಮನ ಕ್ಷಮೆ ಕೇಳುತ್ತಾರೆಂದು ಕೆಲವರು ಅಂದುಕೊಂಡರು. ಅವರು ಕೈ ಮೇಲೆತ್ತಿ ಕಣ್ಣು ಮುಚ್ಚಿ, “ಕರ್ತನೇ, ನಿನ್ನ ಅವಿವೇಕಿ ದಾಸಿ ನಂಜಮ್ಮನ್ನ ಮನ್ನಿಸಪ್ಪಾ,” ಎಂದು ಶುರುಮಾಡಿದರು.

ಪ್ರೇಮಕುಮಾರಿ ನಂಜಮ್ಮನನ್ನು ನೋಡಿದಳು. ನಂಜಮ್ಮನ ಕೈ ಸೆರಗಿಗೆ ಹೋಯಿತು. ತಲೆಯ ಮೇಲೆ, ಇನ್ನೂ ಕೆಳಕ್ಕೆ, ಮೂಗಿನವರೆಗೆ. ಪ್ರೇಮಕುಮಾರಿ ಎದ್ದುಹೋಗಿ ಅವಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಕೈ ಹಿಡಿದುಕೊಂಡಳು. ತಲೆಯೆತ್ತಿದಾಗ ಗಂಡಸರ ಸಾಲಿನಲ್ಲಿ ಎರಡು ಕಣ್ಣು ತೆರೆದಿದ್ದವು. ಈ ಸಲ ಹುಬ್ಬು ಮೇಲೇರಿರಲಿಲ್ಲ.

ಮಾರನೆಯ ಬೆಳಿಗ್ಗೆ ಡಾಕ್ಟರಮ್ಮ ಬೀಗದ ಕೈಯನ್ನು ತಾವೇ ತಂದುಕೊಟ್ಟು, ಹವಾ ಚೆನ್ನಾಗಿದೆ ಎಂದರು. ಅವರಿಗೆ ಕ್ಷಮೆ ಕೇಳಲು ಬರುತ್ತಿದ್ದದ್ದು ಅಷ್ಟೇ. ಸತ್ಯಮಿತ್ರನ ಟ್ರಂಕನ್ನು ಜವಾನ ಗೇಟಿನಿಂದ ವಾಪಸು ತಂದಿಟ್ಟ. ಪ್ರೇಮಕುಮಾರಿ ಅವನಿಗೆ, ಹೊಳೆನರಸೀಪುರಕ್ಕೆ ಬರ್ತೀರಾ, ಒಬ್ಬರನ್ನ ನೋಡಬೇಕು ಎಂದಳು. ಯಾರನ್ನು ಎಂದು ಅವನು ಕೇಳಲಿಲ್ಲ.

ಬಸ್ಸಿನಲ್ಲಿ ಬಹಳ ಹೊತ್ತು ಅವಳು ಕಿಟಕಿ ನೋಡಿದಳು.

“ನಾನು ಕಳ್ಳಿ ಅಂತ ನಂಬಿದ್ರಾ?”

“ನಂಬಿದ್ದೆ.”

“ಎಲ್ಲೀವರೆಗೆ?”

“ನೀವು ಕೂಟದಲ್ಲಿ ನಿಲ್ಲೋವರೆಗೆ.”

“ಮತ್ತೆ ದಿನಾ ನನ್ನ ನೋಡಿ ನಗ್ತಿದ್ರಿ?”

ಅವನು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡ. “ಕಳ್ಳಿ ಅಂತ ಗೊತ್ತಿದ್ರೂ ನೋಡಿದ ತಕ್ಷಣ ನಗು ಬರ್ತಿತ್ತು ಸಿಸ್ಟರ್. ನನಗೂ ಅದು ದೊಡ್ಡ ತೊಂದರೆ ಆಗಿತ್ತು. ಯಾರ ಹತ್ರ ಹೇಳ್ಕೊಳ್ಳೋದು?”

ಪ್ರೇಮಕುಮಾರಿಯ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿದ್ದ ಚುಚ್ಚುಮಾತು ಅಂದು ಬರಲಿಲ್ಲ. “ಹೇಳಿದ್ರಲ್ಲ,” ಎಂದಳು ಮೆಲ್ಲಗೆ. ಆಮೇಲೆ ಇಬ್ಬರೂ ಒಂದೇ ಕಿಟಕಿ ನೋಡುತ್ತ ಕೂತರು.

ಮಾಯಮ್ಮ ಹಿತ್ತಲಲ್ಲಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದಳು. ಗಂಡಸಿನ ಹೆಜ್ಜೆ ಕೇಳಿ ಸೆರಗು ಎಳೆದುಕೊಂಡಳು. ಸತ್ಯಮಿತ್ರ ಅಲ್ಲಿದ್ದ ಮಣೆಯನ್ನು ಎತ್ತಿ, ಅವಳಿಗೆ ಎದುರಾಗದಂತೆ ಸ್ವಲ್ಪ ಸೊಟ್ಟಗೆ, ಕೋಳಿಗಳ ಕಡೆಗೆ ಹಾಕಿಕೊಂಡು ಕೂತ. ತಾನೂ ಒಂದು ಹಿಡಿ ನುಚ್ಚು ತೆಗೆದುಕೊಂಡು ಚೆಲ್ಲಿದ. ಕೋಳಿಗಳು ಒಂದೊಂದಾಗಿ ಅವನ ಕಾಲ ಬಳಿಗೂ ಬಂದು ಹೆಕ್ಕತೊಡಗಿದವು.

“ಏನ್ ಕೆಲ್ಸ ಮಾಡ್ಕಂಡಿದ್ದೀಯಪ್ಪ?” ಎಂದಳು ಮಾಯಮ್ಮ, ಸೆರಗಿನೊಳಗಿನಿಂದ.

“ಜನ ಹೇಳಿದ್ದು ಕೇಳ್ತೀನಮ್ಮ.”

“ಕೇಳ್ಬುಟ್ಟು?”

“ಕೇಳಿ ಸುಮ್ಮನಿರ್ತೀನಿ.”

ಮಾಯಮ್ಮ ಇನ್ನೊಂದು ಹಿಡಿ ನುಚ್ಚು ಚೆಲ್ಲಿದಳು. “ಯಾರ್ ತಾವೂ ಹೇಳಾಕಿಲ್ವಾ?”

“ಇಲ್ಲಮ್ಮ.”

“ದ್ಯಾವ್ರ ತಾವೂವೆ?”

ಅವನು ಯೋಚಿಸಿದ. “ಗಟ್ಟಿಯಾಗಿ ಹೇಳಲ್ಲಮ್ಮ,” ಎಂದ.

ಮಾಯಮ್ಮನ ಕೈ ನಿಂತಿತು. ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗದೆಯೇ, “ಪ್ರೇಮ, ಓಗಿ ಅಂಗಡೀಲಿ ಕಾಪಿ ಪುಡಿ ತಕಂಬಾ,” ಎಂದಳು. ಕಾಪಿ ಪುಡಿ ಡಬ್ಬದ ತುಂಬ ಇತ್ತು. ಹಿಂದಿನ ತಿಂಗಳು ತಂದಿಟ್ಟವಳು ಪ್ರೇಮಕುಮಾರಿಯೇ. ಅವಳು ಚೀಲ ತೆಗೆದುಕೊಂಡು ಹೊರಟಳು. ಬೇಲಿ ದಾಟುವಾಗ ಹಿಂದೆ ಅಮ್ಮನ ದನಿ ಶುರುವಾಯಿತು. ಒಂಬತ್ತು ವರ್ಷ ಕೇಳಬೇಕೆಂದು ಹಂಬಲಿಸಿದ ದನಿ. ಪರದೆಯ ಹಿಂದೆ ನಿಂತು ಬೇರೆಯವರ ಅಳು ಕೇಳಿದವಳು ಈಗ ಬೇಗ ಬೇಗ ಹೆಜ್ಜೆ ಹಾಕಿ, ಒಂದು ಪದವೂ ಕೇಳಿಸದಷ್ಟು ದೂರ, ಹೇಮಾವತಿಯ ದಡದವರೆಗೆ ಹೋಗಿ ಕೂತಳು.

ವಾಪಸು ಬಂದಾಗ ಮಾಯಮ್ಮ ಒಲೆಯ ಮುಂದಿದ್ದಳು. ಕಣ್ಣು ಊದಿತ್ತು. ಸೆರಗು ಹೆಗಲ ಮೇಲಿತ್ತು. ಉಪ್ಪು ಎಲ್ಲಿಟ್ಟಿದ್ದೀಯೆ ಎಂದು ಮಗಳನ್ನು ಗದರಿದಳು. ಮೂವರೂ ಜೊತೆಗೆ ಕೂತು ಉಂಡರು.

ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಪ್ರೇಮಕುಮಾರಿ ಕೇಳಿದಳು. “ಅಮ್ಮ ಏನಂದ್ರು?”

ಅವನು ರಸ್ತೆ ನೋಡಿದ.

“ನಾನು ಮಗಳು.”

ಅವನು ಇನ್ನೂ ರಸ್ತೆ ನೋಡುತ್ತಿದ್ದ. ಅವಳಿಗೆ ಕೆಟ್ಟ ಕೋಪ ಬಂತು. ಜೊತೆಗೆ, ಜನ್ಮದಲ್ಲಿ ಯಾವತ್ತೂ ಆಗದಷ್ಟು ನೆಮ್ಮದಿಯಾಯಿತು.

“ಮದುವೆ ಆದ್ಮೇಲಾದ್ರೂ ಹೇಳ್ತೀರಾ?”

ಅವನ ಕಿವಿ ನಿಧಾನವಾಗಿ, ತುದಿಯಿಂದ ಬುಡದವರೆಗೆ ಕೆಂಪಾಯಿತು. ಅವನು ತಿರುಗಿ, ಮೊದಲ ಸಲ, ಎದುರುಬದುರಾಗಿ ಕೂತು ಅವಳ ಮುಖ ನೋಡಿದ.

“ಇಲ್ಲ. ಆದ್ಮೇಲೂ ಹೇಳಲ್ಲ.”

“ಹಾಗಿದ್ರೆ ಆಗ್ತೀನಿ,” ಎಂದಳು ಪ್ರೇಮಕುಮಾರಿ.